ಕೈತೋಟಕ್ಕೆ ಬಂದ ಆಮೆಮರಿಗಳು

ರೋಹಿಣಿಯಲ್ಲಿ ನೆಲಮಹಡಿಯ ಮನೆ ಸಿಕ್ಕವರಿಗೆ ಒಂದು ಭಾಗ್ಯವಿದೆ. ಬಾಗಿಲ ಮುಂದೆ ಎರಡು ಚಾಪೆ ಹಾಸುವಷ್ಟಾದರೂ ಮಣ್ಣು ಇರುತ್ತದೆ. ಅದರಲ್ಲೊಂದು ತುಳಸಿ, ಒಂದು ಕರಿಬೇವು, ಊರಿನಿಂದ ತಂದು ನೆಟ್ಟ ಕನಕಾಂಬರ. ಅಂಥ ಕೈತೋಟವುಳ್ಳ ಕನ್ನಡದ ಮನೆಯೊಂದರಿಂದ ಕಳೆದ ತಿಂಗಳು ನಮ್ಮ ಬಳಗಕ್ಕೊಂದು ಪ್ರಶ್ನೆ ಬಂತು. ಕೋಲಾರದ ಕಡೆಯ ಬಂಧುಗಳು ಮಗುವಿಗೆಂದು ಎರಡು ಆಮೆಮರಿಗಳನ್ನು ತಂದುಕೊಟ್ಟಿದ್ದಾರೆ. ತೋಟದಲ್ಲಿ ಅಡ್ಡಾಡಲು ಬಿಡುವಾಗ ಏನೇನು ಎಚ್ಚರ ವಹಿಸಬೇಕು? ನಮ್ಮಲ್ಲಿ ಕೆಲವರು ಪ್ರಾಣಿಗಳ ಕುರಿತು ನಾಲ್ಕು ಪುಸ್ತಕ ಓದಿದವರೆಂಬುದಷ್ಟೇ ಈ ಪ್ರಶ್ನೆ ನಮ್ಮತ್ತ ಬರಲು ಕಾರಣ.

ಹೋಗಿ ನೋಡಿದೆವು. ಮುಷ್ಟಿಯೊಳಗೆ ಅಡಗುವ ಗಾತ್ರ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ಕಿರಣಗಳಂತೆ ಹರಡಿದ್ದವು. ನಕ್ಷತ್ರ ಆಮೆಗಳೆಂಬುದರಲ್ಲಿ ಸಂದೇಹವಿರಲಿಲ್ಲ.

ಕೇಳಿದ್ದಕ್ಕೆ ಮೊದಲು ಉತ್ತರ ಹೇಳುವುದು ಮರ್ಯಾದೆ. ಮರಿಯ ಚಿಪ್ಪು ಇನ್ನೂ ಗಟ್ಟಿಯಾಗಿರುವುದಿಲ್ಲ. ಕಾಗೆಯ ಕೊಕ್ಕಿಗೂ ಅದು ಸೋಲುತ್ತದೆ. ದಿಲ್ಲಿಯ ಆಕಾಶದಲ್ಲಂತೂ ಹದ್ದುಗಳಿಗೆ ಬರವಿಲ್ಲ. ಆದ್ದರಿಂದ ಮೇಲೆ ಬಲೆ ಹೊದಿಸದೆ, ಪಕ್ಕದಲ್ಲಿ ದೊಡ್ಡವರೊಬ್ಬರು ಕೂರದೆ ಬಿಡಲೇಬಾರದು. ಸುತ್ತ ತಂತಿಜಾಲರಿಗಿಂತ ಹಲಗೆಯ ಬೇಲಿ ಲೇಸು. ಆಚೆಗೆ ಕಾಣುವ ಕಡೆಗೆ ಆಮೆ ಸುಮ್ಮನೆ ತಲೆ ತೂರುತ್ತ ದಣಿಯುತ್ತದೆ. ಹಲಗೆಯ ಬುಡ ಮಣ್ಣಿನೊಳಗೆ ಹೂತಿರಬೇಕು. ನೀರಿನ ತಟ್ಟೆ ಅದರ ಗದ್ದ ಮುಳುಗದಷ್ಟು ಆಳವಿದ್ದರೆ ಸಾಕು. ಮಗುಚಿ ಬಿದ್ದ ಮರಿಗೆ ಮೇ ತಿಂಗಳ ಬಿಸಿಲಿನಲ್ಲಿ ಸಾಯಲು ಬಹಳ ಹೊತ್ತು ಬೇಡ. ನೆರಳು ಸದಾ ಇರಬೇಕು. ಮಾಲಿ ಕೀಟನಾಶಕ ಸಿಂಪಡಿಸಿದ ಹುಲ್ಲು ಬೇಡ, ಕಣಗಿಲೆ ಗಿಡ ಹತ್ತಿರವಿರುವುದೂ ಬೇಡ. ಅನ್ನ, ಹಾಲು, ಬ್ರೆಡ್ಡು ಅವುಗಳ ಆಹಾರವಲ್ಲ. ಗರಿಕೆ, ದಾಸವಾಳದ ಎಲೆ, ತೋಟದ ಕಳೆ ಒಗ್ಗುತ್ತವೆ. (ಗಣಪತಿಗೆಂದು ಬೆಳೆಸಿದ ಗರಿಕೆಯಲ್ಲಿ ಅರ್ಧ ಪಾಲು ಹೀಗೆ ಹೋಗುತ್ತಿದೆಯೆಂದು ಆ ಮನೆಯ ಅಜ್ಜಿ ನಕ್ಕರು.) ಇನ್ನು ಜನವರಿಯ ಚಳಿ. ಹಿಮಪ್ರದೇಶದ ಕೆಲವು ಆಮೆಗಳಂತೆ ಇವು ಚಳಿಗಾಲವಿಡೀ ನಿದ್ದೆಹೋಗುವ ಜಾತಿಯಲ್ಲ. ನಾಲ್ಕೈದು ಡಿಗ್ರಿಗೆ ಇಳಿಯುವ ರಾತ್ರಿಗಳಲ್ಲಿ ಹೊರಗುಳಿದರೆ ಬೆಳಗು ಕಾಣವು.

ಇಷ್ಟನ್ನೆಲ್ಲ ಹೇಳಿದೆವು, ಅವರು ಶ್ರದ್ಧೆಯಿಂದ ಬರೆದುಕೊಂಡರು. ಆಮೇಲೆ, ಈ ಮರಿಗಳು ಈ ಮನೆಯಲ್ಲಿ ಇರಕೂಡದು ಎಂದೂ ಹೇಳಬೇಕಾಯಿತು. ಕೈತೋಟಕ್ಕೆ ಎಷ್ಟೇ ಬೇಲಿ ಕಟ್ಟಿದರೂ ಬದಲಾಗದ ಸಂಗತಿಯದು.

ನಕ್ಷತ್ರ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಒಳಪಟ್ಟ ಪ್ರಾಣಿ. 2022ರ ತಿದ್ದುಪಡಿಯ ಬಳಿಕ ಅದು ಹುಲಿ, ಆನೆಗಳ ಸಾಲಿನಲ್ಲಿ, ಮೊದಲ ಅನುಸೂಚಿಯಲ್ಲಿದೆ. ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ, ಶಿಕ್ಷೆ ಮೂರರಿಂದ ಏಳು ವರ್ಷಗಳ ಸೆರೆವಾಸ. 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರವನ್ನೂ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಗೆ ಸೇರಿಸಿ ನಿಷೇಧಿಸಲಾಯಿತು. ಆದರೆ ಕಾನೂನಿನ ಭಯ ಹುಟ್ಟಿಸುವುದು ನಮ್ಮ ಉದ್ದೇಶವಲ್ಲ. ನಮಗೆ ನೋವಾದದ್ದು ಇವು ನಮ್ಮ ಊರಿನವೇ ಆಗಿದ್ದುದರಿಂದ. ಕೋಲಾರದಿಂದ ಅನಂತಪುರದವರೆಗಿನ ಕುರುಚಲು ಸೀಮೆಯಲ್ಲಿ, ಮೊದಲ ಮಳೆ ಬಿದ್ದಾಗ ಒಣಹುಲ್ಲಿನ ನಡುವೆ ಇವು ಹೊರಬರುತ್ತವೆ. ಚಿಪ್ಪಿನ ಗೆರೆಗಳು ಅಲ್ಲಿ ಹುಲ್ಲಿನ ನೆರಳಿನೊಳಗೆ ಬೆರೆತು ಅವನ್ನು ಕಾಯುತ್ತವೆ. ಜಗತ್ತಿನ ಮಾರುಕಟ್ಟೆಗೆ ಅದೇ ಗೆರೆಗಳು ಅಲಂಕಾರವಾಗಿ ಕಂಡವು. ಸೂಟ್‌ಕೇಸುಗಳಲ್ಲಿ ತುಂಬಿ ಆಗ್ನೇಯ ಏಷ್ಯಕ್ಕೆ ಸಾಗಿಸುವ ದಂಧೆ ಬೆಳೆಯಿತು. ಸಿಂಗಪುರದಲ್ಲಿ ಸಿಕ್ಕಿದ 51 ನಕ್ಷತ್ರ ಆಮೆಗಳನ್ನು 2018ರಲ್ಲಿ ವಿಮಾನದಲ್ಲಿ ಕರ್ನಾಟಕಕ್ಕೆ ಮರಳಿಸಿದ್ದು ಓದುಗರಲ್ಲಿ ಕೆಲವರಿಗೆ ನೆನಪಿರಬಹುದು. ಅಷ್ಟು ದೂರದಿಂದ ಅವು ಮರಳಿದವು. ರೋಹಿಣಿಯಿಂದ ಮರಳುವುದು ಅದಕ್ಕಿಂತ ಕಷ್ಟವಾಗಬಾರದು.

ಆಮೆ ಮನೆಗೆ ಲಕ್ಷ್ಮಿಯನ್ನು ತರುತ್ತದೆಂಬ ನಂಬಿಕೆಯೂ ಮಾತಿನ ನಡುವೆ ಬಂತು. ನಂಬುವವರಿಗೆ ನೀರಿನ ಬಟ್ಟಲಲ್ಲಿಡುವ ಹಿತ್ತಾಳೆಯ ಆಮೆ ಇದೆ. ಅದರಿಂದ ಯಾರಿಗೂ ಹಿಂಸೆಯಿಲ್ಲ. ಗೀತೆಯ ಎರಡನೆಯ ಅಧ್ಯಾಯವು ಸ್ಥಿತಪ್ರಜ್ಞನನ್ನು ಅಂಗಗಳನ್ನು ಒಳಗೆಳೆದುಕೊಂಡ ಆಮೆಗೆ ಹೋಲಿಸುತ್ತದೆ. ಮಗು ಎತ್ತಿಕೊಂಡಾಗಲೆಲ್ಲ ಈ ಮರಿಗಳೂ ತಲೆ ಒಳಗೆಳೆದುಕೊಳ್ಳುತ್ತಿದ್ದವು. ಅದು ವೈರಾಗ್ಯವಲ್ಲ, ಹೆದರಿಕೆ.

"ಹಾಗಾದರೆ ಜಪಾನೀಸ್ ಪಾರ್ಕಿನಲ್ಲಿ ಬಿಟ್ಟುಬಿಡೋಣವೇ? ಯಮುನೆಗೆ ಬಿಟ್ಟರೆ?" ಎಂದು ಮನೆಯೊಡತಿ ಕೇಳಿದರು. ಎರಡೂ ಸಲ್ಲದು. ಇದು ನೆಲದ ಆಮೆ, ಹೊಳೆಗೆ ಬಿಟ್ಟರೆ ಮುಳುಗುತ್ತದೆ. ಉದ್ಯಾನದಲ್ಲಿ ಬಿಟ್ಟರೆ ನಾಯಿಗೋ ಚಳಿಗೋ ಬಲಿ. ರಾಜಸ್ಥಾನ, ಗುಜರಾತಿನ ಒಣನೆಲದಲ್ಲೂ ನಕ್ಷತ್ರ ಆಮೆಗಳಿವೆ, ನಿಜ. ಆದರೆ ದಕ್ಷಿಣದವುಗಳಿಂದ ಬಹುಕಾಲ ಬೇರೆಯಾಗಿ ಉಳಿದ ಗುಂಪು ಅದು. ಎರಡನ್ನೂ ಬೆರೆಸಬಾರದೆಂದೂ, ಸಾಕಿದ ಆಮೆಯ ರೋಗ ಕಾಡಿನವಕ್ಕೆ ಅಂಟಬಾರದೆಂದೂ ತಿಳಿದವರು ಹೇಳುತ್ತಾರೆ. ಸರಿಯಾದ ದಾರಿಯೆಂದರೆ ದಿಲ್ಲಿಯ ಅರಣ್ಯ ಇಲಾಖೆಗೆ ತಾವಾಗಿಯೇ ತಿಳಿಸಿ, ಅವರು ಬಂದು ಕೊಂಡೊಯ್ಯುವವರೆಗೆ ಮೇಲೆ ಹೇಳಿದ ಎಚ್ಚರಗಳೊಂದಿಗೆ ಕಾಯುವುದು. ತಾವೇ ಚೀಲದಲ್ಲಿಟ್ಟು ಊರಿಗೆ ಸಾಗಿಸುವುದೂ ಅಪರಾಧವೇ.

ಆಫ್ರಿಕಾದ ಸಲ್ಕಾಟಾದಂಥ ವಿದೇಶಿ ಆಮೆಯನ್ನು ನೋಂದಾಯಿಸಿ ಸಾಕಬಹುದಲ್ಲ ಎಂದು ಬಳಗದ ಕಿರಿಯರೊಬ್ಬರು ವಾದಿಸಿದರು. ಅದು ಬೆಳೆದರೆ ನಲವತ್ತು ಕಿಲೋ ದಾಟಬಲ್ಲದು, ಹಲವು ದಶಕ ಬದುಕಬಲ್ಲದು. ಎರಡು ಚಾಪೆಯ ತೋಟಕ್ಕೆ ಅದೂ ಹೊಂದದು.

ಮಗು ಅಳುತ್ತದೆ ಎಂಬುದೊಂದೇ ಈಗ ಉಳಿದಿರುವ ಅಡ್ಡಿ. ಆ ಅಳುವನ್ನು ನಾವು ಹಗುರಾಗಿ ಕಾಣುವುದಿಲ್ಲ. ಪರಊರಿನಲ್ಲಿ ಬೆಳೆಯುವ ಮಕ್ಕಳಿಗೆ ಅಜ್ಜನ ಊರಿನಿಂದ ಬಂದ ಜೀವವೊಂದು ಏನಾಗಿರುತ್ತದೆಂದು ಬಲ್ಲೆವು. ಬೇಸಿಗೆ ರಜೆಗೆ ಕೋಲಾರಕ್ಕೆ ಹೋದಾಗ ಮೊದಲ ಮಳೆಯ ಮರುದಿನ ಕುರುಚಲು ಗುಡ್ಡಕ್ಕೆ ಕರೆದುಕೊಂಡು ಹೋಗಿ ಎಂದು ತಂದೆಗೆ ಹೇಳಿ ಬಂದಿದ್ದೇವೆ. ಅವರು ಇನ್ನೂ ಇಲಾಖೆಗೆ ಫೋನ್ ಮಾಡಿಲ್ಲ. ಚಳಿ ಬೀಳಲು ಹೆಚ್ಚು ದಿನಗಳಿಲ್ಲ.