ಬೆಲೆಗೆ ಬೆಲೆ ಸರಿ, ಹೊಟ್ಟೆಗೆ?

ಸಿಯಾಚಿನ್‌ನಂಥ ಕಡೆ ಕಾವಲು ಕಾಯುವ ಯೋಧರ ಊಟದಲ್ಲಿ ಕ್ಯಾಲೊರಿ ಶೇ 82ರವರೆಗೂ ಖೋತಾ ಆಗಿತ್ತು. ಹೇಳಿದ್ದು ಮಹಾಲೇಖಪಾಲರು (ಸಿಎಜಿ), 2020ರ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದಿಟ್ಟ ವರದಿಯಲ್ಲಿ. ವರದಿಯ ಕಾಲದ ನಿಯಮದಂತೆ, ಎತ್ತರದ ಪ್ರದೇಶಕ್ಕೆಂದು ಗೊತ್ತುಮಾಡಿದ ಪದಾರ್ಥ ಸಿಗದಿದ್ದರೆ ಬದಲಿಗೆ ಇನ್ನೊಂದನ್ನು ಕೊಡಬಹುದು. ಎಷ್ಟು ಕೊಡಬೇಕು? ಮೊದಲಿನದರ ಬೆಲೆಗೆ ಎಷ್ಟು ಬರುತ್ತದೋ ಅಷ್ಟು ಮಾತ್ರ. ಬದಲಿ ಪದಾರ್ಥ ದುಬಾರಿಯಾದರೆ ತಟ್ಟೆಗೆ ಬೀಳುವುದು ಚೂರೇ ಚೂರು. ಲೆಕ್ಕದ ಪುಸ್ತಕದಲ್ಲಿ ರೂಪಾಯಿಗೆ ರೂಪಾಯಿ ತಾಳೆಯಾಯಿತು. ಹಿಮದಲ್ಲಿ ನಿಂತ ಹುಡುಗನ ಹೊಟ್ಟೆ ತುಂಬಿತೇ ಎಂದು ಕೇಳಲು ಆ ಪುಸ್ತಕದಲ್ಲಿ ಕಾಲಮ್ಮೇ ಇಲ್ಲ.

ಖರೀದಿಯ ನಿಯಮ ಸಡಿಲಿಸಿದರೆ ಬೊಫೋರ್ಸ್‌ನಂಥ ಇನ್ನೊಂದು ಲಂಚ ಹಗರಣ ಹುಟ್ಟುತ್ತದೆ ಎಂದು ಹೆದರಿಸುವವರು ಈ ಶೇ 82ಕ್ಕೆ ಉತ್ತರ ಕೊಡಲಿ. 1987ರಿಂದ ಅದೇ ಗುಮ್ಮನನ್ನು ತೋರಿಸುತ್ತಾ ಬಂದಿದ್ದಾರೆ. ಫೈಲಿಗೆ ಇನ್ನೊಂದು ಸಹಿ, ಟೆಂಡರಿಗೆ ಇನ್ನೊಂದು ಷರತ್ತು. ಸಹಿ ಹಾಕಿದವರೆಲ್ಲ ಸುರಕ್ಷಿತ. ಗಡಿಯಲ್ಲಿರುವವನ ಮೈಮೇಲೆ ಮಾತ್ರ ಹರಕು ಜಾಕೆಟ್.

ಅದೇ ವರದಿಯ ಇನ್ನೊಂದು ಪುಟ ಓದಿದಾಗ ನನ್ನ ಕೈ ನಡುಗಿತು. 2015ರ ನವೆಂಬರ್‌ನಿಂದ 2016ರ ಸೆಪ್ಟೆಂಬರ್‌ವರೆಗೆ ಹಿಮಪ್ರದೇಶದ ಯೋಧರಿಗೆ ಹೊಸ ಬೂಟು ಸಿಗಲಿಲ್ಲ. ಹಳೆಯದನ್ನೇ ಮತ್ತೆ ಬಳಸಬೇಕಾಯಿತು. ಹಿಮಗನ್ನಡಕದ ಕೊರತೆ ಶೇ 62ರಿಂದ 98. ಬಿಸಿಲು ಹಿಮಕ್ಕೆ ಬಡಿದು ವಾಪಸು ಕಣ್ಣಿಗೆ ಹೊಡೆಯುವ ಜಾಗ ಅದು. ಕನ್ನಡಕವಿಲ್ಲದೆ ಕೆಲವೇ ಗಂಟೆ ಕಳೆದರೆ ಕಣ್ಣು ಉರಿದು, ಊದಿ, ಕತ್ತಲಾಗುತ್ತದೆ. ಅದೇ ಚಳಿಗಾಲದಲ್ಲಿ, 2016ರ ಫೆಬ್ರುವರಿ 3ರಂದು, ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಸಿಯಾಚಿನ್‌ನ ಹಿಮದಡಿ ಹೂತುಹೋದರು. ಆರು ದಿನಗಳ ಮೇಲೆ ಜೀವಂತ ಸಿಕ್ಕರು, 11ರಂದು ತೀರಿಕೊಂಡರು. ಅವರನ್ನು ಕೊಂದದ್ದು ಹಿಮಕುಸಿತ, ಬೂಟಿನ ಕೊರತೆಯಲ್ಲ. ಆದರೆ ದೇಶಕ್ಕೆ ದೇಶವೇ ಅವರಿಗಾಗಿ ಕಣ್ಣೀರಿಟ್ಟ ಆ ವಾರವೂ ಅವರ ಜೊತೆಗಾರರಿಗೆ ಹೊಸ ಬೂಟಿರಲಿಲ್ಲ.

ಗುಂಡುನಿರೋಧಕ ಜಾಕೆಟ್ಟಿನ ಕಥೆ ಗೊತ್ತಿದ್ದದ್ದೇ. 1,86,138 ಜಾಕೆಟ್ ಬೇಕೆಂದು ಒಪ್ಪಿಗೆ ಸಿಕ್ಕಿದ್ದು 2009ರಲ್ಲಿ, ಕರಾರಿಗೆ ಸಹಿ ಬಿದ್ದದ್ದು 2018ರಲ್ಲಿ. ಒಂಬತ್ತು ವರ್ಷ! ರೈಫಲ್ಲಿನದೂ ಅದೇ ಕಥೆ. ಒಂದೇ ಬಂದೂಕಿಗೆ ಎರಡು ಅಳತೆಯ ಗುಂಡು ಹೊಂದಬೇಕೆಂದು ಷರತ್ತು ಹಾಕಿ 2011ರಲ್ಲಿ ಕರೆದ ಟೆಂಡರು 2015ರಲ್ಲಿ ರದ್ದಾಯಿತು. ಕೊನೆಗೆ 2019ರಲ್ಲಿ ತುರ್ತೆಂದು ಹೇಳಿ 72,400 ರೈಫಲ್‌ಗಳನ್ನು ಅಮೆರಿಕದಿಂದ ತರಿಸಬೇಕಾಯಿತು. ಇದಕ್ಕಿಂತ ದುಂದು ಬೇರೆ ಬೇಕೆ? ಲಂಚ ತಿಂದರೆ ಮಾತ್ರ ದುಡ್ಡು ಪೋಲಾಗುವುದಲ್ಲ. ಹೊಸ ಮಾದರಿ ಸಿಗುತ್ತಿದ್ದರೂ ಹಳೆಯ ಮಾದರಿಯ ಮಲಗುವ ಚೀಲ, ಮುಖಗವಸು ಕೊಂಡದ್ದನ್ನೂ ಸಿಎಜಿಯೇ ಬರೆದಿದೆ.

ಸೇನೆಯೊಂದೇ ಅಲ್ಲ, ಬೆಲೆಯನ್ನಷ್ಟೇ ನೋಡುವ ಈ ಎಲ್-1 (ಕನಿಷ್ಠ ಬೆಲೆ) ರೋಗ ನಮ್ಮ ಮನೆಬಾಗಿಲಿಗೂ ಬಂದಿದೆ. ಅತಿ ಕಡಿಮೆ ಬೆಲೆ ಕೂಗಿದವನಿಗೆ ರಸ್ತೆ, ಅವನಿಗೇ ಶಾಲೆಯ ಗೋಡೆ. ಮೊದಲ ಮಳೆಗೆ ಡಾಂಬರು ಎದ್ದುಹೋಗುತ್ತದೆ, ಮರುವರ್ಷ ಮತ್ತೆ ಟೆಂಡರು. ಮೂರು ಸಲ ಹಾಕಿದ ರಸ್ತೆಯ ಖರ್ಚನ್ನು ಕೂಡಿಸಿ ನೋಡುವವರು ಯಾರೂ ಇಲ್ಲ. ನಮ್ಮಲ್ಲಾದರೆ ಗುಂಡಿಗೆ ಬೈಕ್ ಬೀಳುತ್ತದೆ. ಅಲ್ಲಿ, ಇಪ್ಪತ್ತು ಸಾವಿರ ಅಡಿ ಎತ್ತರದಲ್ಲಿ, ಚಳಿಗೆ ಬೆರಳು ಕೊಳೆತು ಕತ್ತರಿಸಬೇಕಾಗುತ್ತದೆ.

ಬೆಲೆಗೆ ಬೆಲೆ ಎಂಬ ಆ ಸಾಲು ಯಾವ ಆದೇಶದಲ್ಲೇ ಇರಲಿ, ಕಿತ್ತುಹಾಕಿ. ಬದಲಿ ಪದಾರ್ಥವನ್ನು ಕ್ಯಾಲೊರಿ ಲೆಕ್ಕದಲ್ಲಿ ಅಳೆದು ಕೊಡಿ. ಬೂಟು, ಕನ್ನಡಕದ ದಾಸ್ತಾನು ಮುಗಿಯುವ ಮೊದಲೇ ಕೊಳ್ಳುವ ಅಧಿಕಾರವನ್ನೂ ಹಣವನ್ನೂ ಅಲ್ಲಿರುವ ಕಮಾಂಡರಿಗೆ ಬಿಡಿ. ತಡವಾದರೆ ಫೈಲು ಹಿಡಿದಿಟ್ಟವರ ಹೆಸರು ಸಂಸತ್ತಿಗೆ ಬರಲಿ.