ವಿಜ್ಞಾನವನ್ನು ಸಾಕ್ಷಿಗೆ ಕರೆಯಬೇಡಿ

ನಾನು ದೇವರನ್ನು ನಂಬುವುದಿಲ್ಲ. ಇದೇ ಮಾತನ್ನು ಗಂಡಸು ಹೇಳಿದರೆ ‘ವಿಚಾರವಂತರು’ ಎನ್ನುತ್ತಾರೆ. ಹೆಂಗಸು ಹೇಳಿದರೆ ‘ಎಷ್ಟು ಕೊಬ್ಬು ನೋಡಿ’ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ನಂಬದವರೇ. ಹಬ್ಬದ ದಿನ ಅವರು ಪೇಪರು ಹಿಡಿದು ಕೂತರೆ ಯಾರಿಗೂ ಅದು ಕಣ್ಣಿಗೆ ಬೀಳುವುದಿಲ್ಲ. ನಾನು ಗೌರಿ ಹಬ್ಬಕ್ಕೆ ಬಾಗಿನ ಕೊಡದಿದ್ದರೆ ಮಾತ್ರ ನೆಂಟರಿಷ್ಟರಲ್ಲೆಲ್ಲ ಅದೇ ಸುದ್ದಿ. ಬಹಳಷ್ಟು ಮನೆಗಳಲ್ಲಿ ಗಂಡಸಿನ ನಾಸ್ತಿಕತನ ಸುಲಭವಾಗಿ ನಡೆದುಹೋಗುತ್ತದೆ. ಯಾಕೆಂದರೆ ಅವನ ಪಾಲಿನ ಪೂಜೆ, ಉಪವಾಸ, ಮಡಿ ಎಲ್ಲವನ್ನೂ ಹೆಂಡತಿ ಮಾಡಿ ಮುಗಿಸಿರುತ್ತಾಳೆ. ಆದ್ದರಿಂದ ನಾಸ್ತಿಕತೆಯೆಂದರೆ ಏನು ಎಂಬುದನ್ನು ನಾವು ಹೆಂಗಸರೇ ಸ್ವಲ್ಪ ಬಿಡಿಸಿ ನೋಡಬೇಕು.

ಮೊದಲು ಆ ಪದವನ್ನೇ ನೋಡಿ. ‘ನಾಸ್ತಿಕ’ ಎಂದರೆ ದೇವರಿಲ್ಲ ಎನ್ನುವವನು ಎಂದು ಇಂದು ನಾವು ತಿಳಿದಿದ್ದೇವೆ. ಹಳೆಯ ಶಾಸ್ತ್ರಕಾರರಿಗೆ ಅದು ಹಾಗಿರಲಿಲ್ಲ. ಮನುಸ್ಮೃತಿಯ ಪ್ರಕಾರ ವೇದವನ್ನು ನಿಂದಿಸುವವನು ನಾಸ್ತಿಕ. ಆ ಲೆಕ್ಕದಲ್ಲಿ ಚಾರ್ವಾಕರ ಜೊತೆಗೆ ಜೈನರೂ ಬೌದ್ಧರೂ ನಾಸ್ತಿಕರೇ. ಜಗತ್ತನ್ನು ಸೃಷ್ಟಿಸಿದ ಈಶ್ವರ ಬೇಕಿಲ್ಲವೆಂದ ಪೂರ್ವಮೀಮಾಂಸಕರು ಮಾತ್ರ ಆಸ್ತಿಕರು! ಅವರು ವೇದವನ್ನು ಒಪ್ಪಿದ್ದರಲ್ಲ, ಅಷ್ಟು ಸಾಕಾಯಿತು. ಅಂದರೆ ಈ ಪದ ಹುಟ್ಟಿನಿಂದಲೇ ಒಂದು ಬೈಗುಳ. ‘ಹೇಳಿದ್ದನ್ನು ಕೇಳದವನು’ ಎಂಬ ಅರ್ಥ ಅದರೊಳಗೆ ಇಂದಿಗೂ ಇದೆ. ಹೆಂಗಸಿನ ಬಾಯಲ್ಲಿ ಅದು ಅಷ್ಟು ಖಾರವಾಗಿ ಕೇಳಿಸುವುದೂ ಇದೇ ಕಾರಣಕ್ಕೆ.

ನನ್ನ ಮಟ್ಟಿಗೆ ನಾಸ್ತಿಕತೆ ತೀರ ಸರಳವಾದದ್ದು. ‘ಇದ್ದಾನೆ’ ಎನ್ನುವವರು ಆಧಾರ ಕೊಡಬೇಕು; ಕೊಡುವವರೆಗೆ ನಾನು ನಂಬದೆ ಇರುತ್ತೇನೆ, ನನ್ನ ಬದುಕನ್ನು ಅದರ ಮೇಲೆ ಕಟ್ಟುವುದಿಲ್ಲ. ‘ಹಾಗಾದರೆ ದೇವರಿಲ್ಲ ಅಂತ ವಿಜ್ಞಾನ ಸಾಬೀತು ಮಾಡಿದೆಯೇ?’ ಎಂದು ಕೇಳುತ್ತಾರೆ. ಇಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನಾನು ಹಾಗೆ ಒಂದು ದಿನವೂ ಹೇಳಿಲ್ಲ. ಅಬ್ದುಸ್ ಸಲಾಂ ಮತ್ತು ಸ್ಟೀವನ್ ವೈನ್‌ಬರ್ಗ್ ಇಬ್ಬರೂ ಶೆಲ್ಡನ್ ಗ್ಲಾಶೋ ಜೊತೆ 1979ರ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡರು. ವಿದ್ಯುತ್ಕಾಂತ ಬಲವೂ ಪರಮಾಣುವಿನೊಳಗಿನ ದುರ್ಬಲ ಬಲವೂ ಮೂಲದಲ್ಲಿ ಒಂದೇ ಎಂದು ತೋರಿಸಿದ್ದಕ್ಕೆ ಆ ಬಹುಮಾನ. ಸಲಾಂ ದೈವಭಕ್ತ ಮುಸ್ಲಿಮರು. ವೈನ್‌ಬರ್ಗ್ ಕಟ್ಟಾ ನಾಸ್ತಿಕರು. ಲೆಕ್ಕ ಇಬ್ಬರಿಗೂ ಒಂದೇ ಬಂತು. ಲೆಕ್ಕಕ್ಕೆ ಇವರು ನಮಾಜು ಮಾಡುತ್ತಾರೋ ಇಲ್ಲವೋ ಎಂಬುದು ಬೇಕಿರಲಿಲ್ಲ.

ಇನ್ನೂ ಒಂದು ಕತೆ ಇದಕ್ಕಿಂತ ಸ್ವಾರಸ್ಯವಾದದ್ದು. ವಿಶ್ವ ಹಿಗ್ಗುತ್ತಿದೆ, ಅದು ಒಂದು ಕಣದಂಥ ಆದಿಸ್ಥಿತಿಯಿಂದ ಹೊರಟಿತು ಎಂದು ಮೊದಲು ಹೇಳಿದವರಲ್ಲಿ ಬೆಲ್ಜಿಯಂನ ಜಾರ್ಜ್ ಲೆಮೈತ್ರ್ ಪ್ರಮುಖರು. ಅವರು ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಈ ಸಿದ್ಧಾಂತ ದೇವರ ಸೃಷ್ಟಿಯನ್ನೇ ಸಮರ್ಥಿಸುತ್ತದೆ ಎಂಬಂತೆ ಭಾಷಣ ಮಾಡಿದರು. ಇನ್ನೊಬ್ಬರಾಗಿದ್ದರೆ ಹಿಗ್ಗಿ ಹೀರೇಕಾಯಿ ಆಗುತ್ತಿದ್ದರು. ಲೆಮೈತ್ರ್‌ಗೆ ಅದು ಹಿಡಿಸಲಿಲ್ಲ. ತಮ್ಮ ಸಿದ್ಧಾಂತವನ್ನು ಹೀಗೆ ಧರ್ಮಕ್ಕೆ ಗಂಟುಹಾಕಬಾರದು ಎಂದೇ ಅವರು ನಿಂತರು. ಆ ಪಾದ್ರಿಯ ಬಗ್ಗೆ ಈ ನಾಸ್ತಿಕಳಿಗೆ ತುಂಬು ಗೌರವವಿದೆ.

ಹಾಗಾದರೆ ವಿಜ್ಞಾನಕ್ಕೆ ಇಲ್ಲಿ ಕೆಲಸವೇ ಇಲ್ಲವೇ? ಇದೆ. ನಂಬಿಕೆ ಯಾವಾಗ ಕಣ್ಣಿಗೆ ಕಾಣುವ ಜಗತ್ತಿನ ಬಗ್ಗೆ ಮಾತಾಡುತ್ತದೋ ಆಗ ಅದನ್ನು ಪರೀಕ್ಷಿಸಬಹುದು. 1995ರ ಸೆಪ್ಟೆಂಬರ್ 21ರಂದು ಗಣೇಶ ಹಾಲು ಕುಡಿಯುತ್ತಾನೆಂದು ದೇಶಕ್ಕೆ ದೇಶವೇ ಚಮಚ ಹಿಡಿದು ಸಾಲಿನಲ್ಲಿ ನಿಂತಿತು. ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ನೋಡಿದರು. ಮೇಲ್ಮೈ ಎಳೆತದಿಂದ ಚಮಚದ ಹಾಲು ವಿಗ್ರಹಕ್ಕೆ ಅಂಟಿ, ತೆಳ್ಳನೆಯ ಪದರವಾಗಿ ಕೆಳಗೆ ಇಳಿಯುತ್ತಿತ್ತು. ಅದಕ್ಕೂ ಮೊದಲು, 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಒಂದು ಸಮಿತಿ ಮಾಡಿದರು. ‘ಪರೀಕ್ಷಿಸಬಹುದಾದ’ ಮೂಢನಂಬಿಕೆಗಳು ಎಂಬ ಮಾತು ಅದರ ಹೆಸರಿನಲ್ಲೇ ಇತ್ತು. ಪರೀಕ್ಷೆಗೆ ಸಿಗದ ದೇವರನ್ನು ಅವರು ಪರೀಕ್ಷೆಗೆ ಕರೆಯಲಿಲ್ಲ. ಪವಾಡ ಮಾಡಿ ತೋರಿಸುತ್ತೇವೆ ಎಂದ ಮನುಷ್ಯರನ್ನು ಕರೆದರು.

ಇಷ್ಟನ್ನೂ ಬರೆದದ್ದು ಯಾಕೆಂದರೆ, ಈಗ ನಮ್ಮ ಊರುಗಳಲ್ಲಿ ಒಂದು ಹೊಸ ಪಿಡುಗು ಬಂದಿದೆ. ‘ಶಾಸ್ತ್ರದಲ್ಲಿ ಹೇಳಿದೆ, ಮಾಡು’ ಎಂದರೆ ಓದಿದ ಹುಡುಗಿಯರು ಕೇಳುವುದಿಲ್ಲವೆಂದು ಗೊತ್ತಾಗಿದೆ. ಅದಕ್ಕೇ ಈಗ ‘ಇದಕ್ಕೆ ವೈಜ್ಞಾನಿಕ ಕಾರಣ ಇದೆಯಮ್ಮ’ ಎನ್ನುತ್ತಾರೆ. ಬಳೆ ತೊಟ್ಟರೆ ರಕ್ತ ಚೆನ್ನಾಗಿ ಓಡುತ್ತದಂತೆ. ಕಾಲುಂಗುರದ ನರ ನೇರ ಗರ್ಭಕೋಶಕ್ಕೆ ಹೋಗುತ್ತದಂತೆ. ಯಾವ ಅಂಗರಚನಾ ಪುಸ್ತಕದಲ್ಲೂ ಅಂಥ ನರ ಇಲ್ಲ. ಅದು ಹೋಗಲಿ, ನಾನು ಕೇಳುವುದು ಬೇರೆ. ಬಳೆ, ಕಾಲುಂಗುರ ಆರೋಗ್ಯಕ್ಕಾಗಿ ಎಂದಾದರೆ ಗಂಡ ಸತ್ತ ದಿನ ಅವನ್ನು ಯಾಕೆ ಕಿತ್ತುಕೊಂಡಿರಿ? ವಿಧವೆಯ ಮೈಯಲ್ಲಿ ರಕ್ತ ಓಡಬೇಡವೇ?

ಮುಟ್ಟಿನ ಮಾತೂ ಹಾಗೆಯೇ. ಹೊರಗೆ ಕೂರಿಸುತ್ತಿದ್ದದ್ದು ‘ವಿಶ್ರಾಂತಿಗಾಗಿ’ ಎಂದು ಈಗ ಸಮಜಾಯಿಷಿ ಕೊಡುತ್ತಾರೆ. ವಿಶ್ರಾಂತಿಗಾದರೆ ಮುಟ್ಟಬಾರದು ಎಂದದ್ದೇಕೆ? ಬೇರೆ ತಟ್ಟೆ, ಬೇರೆ ಚಾಪೆ, ಹಿತ್ತಲ ಮೂಲೆ ಯಾಕೆ? ಗದ್ದೆಯಲ್ಲಿ ಕಳೆ ಕೀಳುವವಳಿಗೆ ಆ ಮೂರು ದಿನ ರಜೆ ಕೊಟ್ಟವರು ಯಾರು? ನಮ್ಮ ಅಜ್ಜಿಯರು ‘ಮೈಲಿಗೆ’ ಎಂದು ಇದ್ದುದನ್ನು ಇದ್ದಹಾಗೆ ಹೇಳುತ್ತಿದ್ದರು. ಅವರ ಮಾತಿನೊಡನೆ ಜಗಳವಾಡಬಹುದಿತ್ತು. ಇವರು ಅದೇ ಮೈಲಿಗೆಗೆ ವಿಜ್ಞಾನದ ಕೋಟು ತೊಡಿಸಿ ತಂದಿದ್ದಾರೆ. ಈ ಕೋಟಿನೊಡನೆ ಜಗಳವಾಡುವುದು ಕಷ್ಟ, ಹುಡುಗಿಯರು ನಿಜವೆಂದೇ ತಿಳಿಯುತ್ತಾರೆ.

2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣವಾಯಿತಲ್ಲ, ಅಂದು ನಮ್ಮ ಬೀದಿಯ ತುಂಬು ಬಸುರಿ ಹೆಣ್ಣುಮಗಳೊಬ್ಬಳು ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಂದು ಗುಟುಕು ನೀರೂ ಇಲ್ಲದೆ ಕೂತಳು. ಕೂರಿಸಿದವನು ಇಂಜಿನಿಯರಿಂಗ್ ಓದಿದ ಅವಳ ಮೈದುನ. ‘ಗ್ರಹಣದಲ್ಲಿ ವಿಶೇಷ ಕಿರಣ ಬರುತ್ತದೆ ಅತ್ತಿಗೆ’ ಎಂದನಂತೆ. ಗ್ರಹಣದಲ್ಲಿ ಆಗುವುದು ಚಂದ್ರ ಸೂರ್ಯನಿಗೆ ಅಡ್ಡ ಬರುವುದು. ದಿನವೂ ಬರುವ ಬಿಸಿಲು ಅಂದು ಕಡಿಮೆಯಾಗುತ್ತದೆ, ಹೊಸ ಕಿರಣವೇನೂ ಹುಟ್ಟುವುದಿಲ್ಲ. ಬರಿಗಣ್ಣಿನಿಂದ ಸೂರ್ಯನನ್ನು ನೋಡಿದರೆ ಕಣ್ಣು ಕೆಡುತ್ತದೆ, ನಿಜ. ಆದರೆ ಕಣ್ಣು ಮೈದುನನಿಗೂ ಇದೆಯಲ್ಲ! ಅದೇ ದಿನ ಕಲಬುರಗಿಯ ಕಡೆ ಅಂಗವಿಕಲ ಮಕ್ಕಳನ್ನು ಗುಣವಾಗಲೆಂದು ಕತ್ತಿನವರೆಗೆ ಮಣ್ಣಿನಲ್ಲಿ ಹೂತಿದ್ದರು. ಅವರನ್ನು ಹಳ್ಳಿಯ ಮೌಢ್ಯವೆಂದು ನಾವು ಪೇಟೆಯವರು ಮರುಗಿದೆವು. ನಮ್ಮ ಬೀದಿಯ ಕತ್ತಲೆ ಕೋಣೆಗೆ ಏನನ್ನಬೇಕು?

‘ದೇವರ ಭಯ ಇಲ್ಲದಿದ್ದರೆ ನೀತಿ ಎಲ್ಲಿಂದ ಬರುತ್ತದೆ?’ ಎನ್ನುವುದು ಕೊನೆಯ ಅಸ್ತ್ರ. ಪಕ್ಕದ ಆಂಧ್ರದ ಸರಸ್ವತಿ ಗೋರಾ ಅವರನ್ನು ನೋಡಿ. ಬ್ರಾಹ್ಮಣ ಮನೆತನದ ಹೆಣ್ಣುಮಗಳು, ಬಾಲ್ಯದಲ್ಲೇ ಮದುವೆಯಾದವರು. ಗಂಡ ಗೋರಾ ಜೊತೆ ಸೇರಿ ನಾಸ್ತಿಕ ಕೇಂದ್ರ ಕಟ್ಟಿದರು, ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡರು. ಮಗಳನ್ನು ದಲಿತ ಯುವಕನಿಗೆ ಕೊಟ್ಟು 1948ರಲ್ಲಿ ಗಾಂಧೀಜಿಯ ಸೇವಾಗ್ರಾಮದಲ್ಲಿ ಮದುವೆ ಮಾಡಿದರು. ಎಷ್ಟು ದೈವಭಕ್ತರ ಮನೆಯಲ್ಲಿ ಇಂದಿಗೂ ಈ ಮದುವೆ ನಡೆದೀತು, ನೀವೇ ಹೇಳಿ. ನಮ್ಮ ನರಸಿಂಹಯ್ಯನವರಾದರೋ ಖಾದಿ ತೊಟ್ಟು, ಹಾಸ್ಟೆಲಿನ ಒಂದು ಕೋಣೆಯಲ್ಲಿ ಬಾಳಿದವರು. ಭಯದಿಂದ ಬರುವ ನೀತಿ ಪೊಲೀಸು ಇರುವವರೆಗಿನ ನೀತಿ. ಎದುರಿಗಿರುವವಳ ನೋವು ತಿಳಿಯುವುದಕ್ಕೆ ಪೊಲೀಸು ಬೇಕಿಲ್ಲ, ದೇವರೂ ಬೇಕಿಲ್ಲ.

ನಂಬುವವರ ಮೇಲೆ ನನಗೆ ಹಗೆಯಿಲ್ಲ. ಎಂಬತ್ತು ದಾಟಿದ ನಮ್ಮ ಅತ್ತೆ ಸಂಜೆ ದೀಪ ಹಚ್ಚುತ್ತಾರೆ. ಅವರ ಬೆರಳು ಈಗ ನಡುಗುತ್ತವೆ, ಬತ್ತಿ ಹೊಸೆದುಕೊಡುವವಳು ನಾನೇ. ದೀಪದ ಹೊಗೆ ಕ್ರಿಮಿ ಕೊಲ್ಲುತ್ತದೆ ಎಂದು ಅವರು ನನಗೆ ಎಂದೂ ಹೇಳಿಲ್ಲ. ‘ಮನಸ್ಸಿಗೆ ಸಮಾಧಾನ ಕಣೇ’ ಎನ್ನುತ್ತಾರೆ. ಆ ಮಾತಿಗೆ ಪುರಾವೆ ಬೇಕಿಲ್ಲ, ನಾನು ಕೇಳುವುದೂ ಇಲ್ಲ. ಆ ಸಮಾಧಾನ ಇನ್ನೊಬ್ಬಳ ಮೇಲೆ ಕಟ್ಟಳೆಯಾಗಿ ಬಂದಾಗ ಮಾತ್ರ ನನ್ನ ತಕರಾರು.

ಆದ್ದರಿಂದ ತಂಗಿಯರೇ, ನಂಬುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ಆದರೆ ಯಾರಾದರೂ ‘ವೈಜ್ಞಾನಿಕ ಕಾರಣ ಇದೆ’ ಎಂದು ಬಂದರೆ ಮೂರು ಪ್ರಶ್ನೆ ಕೇಳಿ: ಅಳೆದವರು ಯಾರು? ಹೇಗೆ ಅಳೆದರು? ಕಾರಣ ಅಷ್ಟು ಒಳ್ಳೆಯದಾದರೆ ಅದು ಹೆಂಗಸರಿಗೆ ಮಾತ್ರ ಯಾಕೆ ಅನ್ವಯಿಸುತ್ತದೆ? ಮೊದಲ ಎರಡಕ್ಕೆ ಅವರು ತಡವರಿಸುತ್ತಾರೆ. ಮೂರನೆಯದಕ್ಕೆ ಸಿಟ್ಟಾಗುತ್ತಾರೆ. ಸಿಟ್ಟಾದರೆ ಆಗಲಿ, ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಡಿ.