ಉದುರಿದ ಎಲೆಯ ಲೆಕ್ಕ

ಹಲಸೂರು ಕೆರೆಯ ಸುತ್ತ ಬೆಳಗಿನಲ್ಲಿ ನಡೆದಾಡುವ ಅಭ್ಯಾಸ ನನಗುಂಟು. ಈ ಊರಿಗೆ ಹೆಸರು ಬಂದುದೇ ಹಲಸಿನ ಮರಗಳಿಂದ ಎಂದು ಹೇಳುವವರಿದ್ದಾರೆ. ಮಾಗಿ ಕಳೆಯುವ ಹೊತ್ತಿಗೆ ದಂಡು ಪ್ರದೇಶದ ಸಾಲುಮರಗಳು ಎಲೆಯುದುರಿಸುತ್ತವೆ. ನಾವು ಅದನ್ನು ಕಸವೆಂದು ಗುಡಿಸಿ, ಬೀದಿಯ ಮೂಲೆಯಲ್ಲಿ ರಾಶಿ ಹಾಕಿ ಬೆಂಕಿಯಿಡುತ್ತೇವೆ. ಆ ಹೊಗೆಯನ್ನು ಕಂಡಾಗಲೆಲ್ಲ ನನಗೆ ಮಲೆನಾಡಿನ ಕಾಡು ನೆನಪಾಗುತ್ತದೆ. ಅಲ್ಲಿ ಉದುರಿದ ಎಲೆ ಕಸವಲ್ಲ. ಮರವು ನೆಲಕ್ಕೆ ತೀರಿಸುವ ಸಾಲ.

ಬೇರು ಮಣ್ಣಿನಿಂದ ಎತ್ತಿಕೊಂಡ ಸಾರಜನಕ, ರಂಜಕ, ಸುಣ್ಣದ ಅಂಶಗಳು ಎಲೆಯೊಡನೆ ಕೆಳಗಿಳಿದು, ಗೆದ್ದಲು, ಅಣಬೆ, ಸೂಕ್ಷ್ಮಜೀವಿಗಳಿಂದ ಕರಗಿ, ಪುನಃ ಬೇರನ್ನು ಸೇರುತ್ತವೆ. ಮಳೆ ಬಿರುಸಾಗಿರುವ ಘಟ್ಟದಲ್ಲಿ ಈ ಸಾರವನ್ನು ಕೊಚ್ಚಿಹೋಗದಂತೆ ಹಿಡಿಯುವುದು ಜೀವಂತ ಬೇರೇ. ಮರವನ್ನು ಕಡಿದಾಗ ಆ ಹಿಡಿತ ಸಡಿಲುತ್ತದೆ.

ಇದು ಊಹೆಯ ಮಾತಲ್ಲ. ಅಮೆರಿಕದ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ 1965ರ ಕೊನೆಯಲ್ಲಿ ಲೈಕೆನ್ಸ್, ಬೋರ್ಮನ್ ಮೊದಲಾದ ವಿಜ್ಞಾನಿಗಳು ಒಂದು ತೊರೆಯ ಆಸುಪಾಸಿನ ಮರಗಳನ್ನೆಲ್ಲ ಕಡಿಸಿದರು. ಒಂದು ದಿಮ್ಮಿಯನ್ನೂ ಹೊರಗೆ ಸಾಗಿಸಲಿಲ್ಲ. ಸಸ್ಯನಾಶಕ ಸಿಂಪಡಿಸಿ ಹೊಸ ಚಿಗುರನ್ನು ಮಾತ್ರ ತಡೆದರು. ಆದರೂ ಮುಂದಿನ ವರ್ಷಗಳಲ್ಲಿ ತೊರೆಯ ನೀರಿನ ನೈಟ್ರೇಟ್ 40 ಪಟ್ಟಿಗೂ ಮಿಕ್ಕಿ ಏರಿತು. ಸುಣ್ಣವೂ ಪೊಟ್ಯಾಸಿಯಮ್ಮೂ ಅದರ ಬೆನ್ನು ಹಿಡಿದುವು. ಗಿಡ ಚಿಗುರಲು ಬಿಟ್ಟ ಮೇಲೆ ಈ ಸೋರಿಕೆ ತಗ್ಗಿತು.

1983ರ ಸೆಪ್ಟೆಂಬರಿನಲ್ಲಿ ಶಿರಸಿ ಬಳಿಯ ಸಾಲ್ಕಣಿಯ ಜನರು ಕಳಸೆ ಕಾಡಿನ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. ಅದೇ ಅಪ್ಪಿಕೋ ಚಳವಳಿ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ಅಡಕೆಯ ತೋಟವನ್ನು ಸೇರುವ ಸೀಮೆಯವರಿಗೆ, ಕಾಡು ಬಡವಾದರೆ ತೋಟವೂ ಬಡವಾಗುವುದೆಂದು ಪ್ರಯೋಗಶಾಲೆ ಹೇಳಬೇಕಾಗಿರಲಿಲ್ಲ. ಸೊಪ್ಪನ್ನು ಮಿತಿಮೀರಿ ತರಿದರೂ ಬೆಟ್ಟ ಸೊರಗುವುದೆಂಬುದನ್ನೂ ಇಲ್ಲಿ ಹೇಳದಿದ್ದರೆ ನ್ಯಾಯವಾಗದು.

ಮರವೇ ಬೇಡವೆನ್ನಲು ನನಗೆ ಬಾಯಿಲ್ಲ. ಇದನ್ನು ಬರೆಯುತ್ತಿರುವ ಮೇಜೂ ಮರದ್ದೇ. ಆದರೆ ತೂಕಕ್ಕೆ ತೂಕವಿಟ್ಟು ನೋಡಿದರೆ ಸಾರ ಹೆಚ್ಚಾಗಿರುವುದು ದಿಮ್ಮಿಯಲ್ಲಲ್ಲ, ಎಲೆ, ಎಳೆಗೊಂಬೆ, ತೊಗಟೆಗಳಲ್ಲಿ. ಕಡಿಯಲೇಬೇಕಾದ ಕಡೆ ಇವನ್ನು ಸುಡದೆ ಅಲ್ಲಿಯೇ ಬಿಡಬೇಕು. ನೆಲ ಬೋಳಾಗದಂತೆ ಮರಿಗಿಡಗಳನ್ನು ಉಳಿಸಬೇಕು. ಘನ ಅಡಿಗಳಲ್ಲಿ ಕಾಡನ್ನು ಅಳೆಯುವ ಲೆಕ್ಕಪುಸ್ತಕದಲ್ಲಿ ಮಣ್ಣಿಗೂ ಒಂದು ಅಂಕಣವಿರಬೇಕು.

ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಶಾಲೆಯ ಅಂಗಳದಲ್ಲಿ ಒಂದು ಗುಂಡಿ ತೋಡಿಸಿ, ಬಿದ್ದ ಎಲೆಯನ್ನು ಅದರಲ್ಲಿ ತುಂಬಿಸಿರಿ. ವರ್ಷ ಕಳೆದ ಮೇಲೆ ಹುಡುಗರ ಕೈಯಿಂದಲೇ ಅದನ್ನು ತೆಗೆಸಿರಿ. ಆ ಕರಿಯ ಮಣ್ಣನ್ನು ಅಂಗೈಯಲ್ಲಿ ಹಿಡಿದ ಮಗು ಎಲೆಯ ರಾಶಿಗೆ ಬೆಂಕಿಯಿಡಲು ಹಿಂದೆ ಮುಂದೆ ನೋಡೀತು.